ಪಾರವ್ವ ರೊಟ್ಟಿ ಕೇಳಲು ಹೋದದ್ದು

ಬಸವೇಶ್ವರನಗರದ ಆ ಮೂರಂತಸ್ತಿನ ಮನೆಗೆ ಎರಡು ಅಡುಗೆಮನೆ. ಒಳಗಿನದು ಸೊಸೆ ಕೀರ್ತನಾಳ ಸುಪರ್ದಿನಲ್ಲಿತ್ತು. ಬಾಗಿಲು ತೆರೆದರೆ ದೀಪ ಹತ್ತುವ ಕಪಾಟು, ಬೆರಳು ಮುಟ್ಟಿಸಿದರೆ ಕಾಯುವ ಒಲೆ, ಎಲ್ಲವೂ ಅಲ್ಲಿದ್ದವು. ಹಿತ್ತಲಲ್ಲಿ ತಗಡಿನ ಮಾಡಿನ ಕೆಳಗಿದ್ದದ್ದು ಅತ್ತೆ ಪಾರವ್ವನದು. ಅಲ್ಲಿದ್ದದ್ದು ಒಂದು ಕಟ್ಟಿಗೆ ಒಲೆ, ಒಂದು ಕಬ್ಬಿಣದ ಹಂಚು, ರೊಟ್ಟಿ ಬಡಿಯುವ ಒಂದು ಕಲ್ಲು. ಇಷ್ಟು ಚೆಂದದ ಮನೆಗೆ ಹೊಗೆ ಬೇಡಮ್ಮಾ ಎಂದು ನಕ್ಷೆ ಬರೆದ ಇಂಜಿನಿಯರು ಕೈ ಮುಗಿದಿದ್ದ. ಹಾಗಾದರೆ ಮನೆ ನಿಧಾನಕ್ಕೆ ಕಟ್ಟು, ಮೊದಲು ಒಲೆ ಹಾಕಿಕೊಡು ಎಂದು ಪಾರವ್ವ ಅವನ ಬಾಯಿ ಮುಚ್ಚಿಸಿದ್ದಳು. ಬೆಳಿಗ್ಗೆ ಆರಕ್ಕೆ ಸೆರಗು ಸಿಕ್ಕಿಸಿ ಆ ಒಲೆಯ ಮುಂದೆ ಕೂತ ಐವತ್ತಮೂರರ ಹೆಂಗಸನ್ನು ನೋಡಿದರೆ, ಪೀಣ್ಯದ ಕಾರ್ಖಾನೆಯಿಂದ ದುಬೈ, ಲಂಡನ್ನಿನವರೆಗೆ ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಕಳಿಸುವ ಕಂಪನಿಯ ಯಜಮಾನಿ ಇವಳೇ ಎಂದು ಯಾರೂ ಹೇಳುತ್ತಿರಲಿಲ್ಲ.

ಮನೆಗೆಂದು ಅವಳು ಬಡಿಯುತ್ತಿದ್ದದ್ದು ದಿನಕ್ಕೆ ಎಂಟು ರೊಟ್ಟಿ. ಮೂರು ಗಂಡ ದ್ಯಾಮಪ್ಪನಿಗೆ, ಎರಡು ತನಗೆ, ಎರಡು ಡ್ರೈವರಿಗೆ, ಒಂದು ಮಗ ಬಾಳೇಶನಿಗೆ. ಬಾಳೇಶ ತನ್ನ ಪಾಲಿನದನ್ನು ಮುಟ್ಟಿ ವರ್ಷದ ಮೇಲಾಗಿತ್ತು. ಜಿಮ್ಮಿನವನು ಹೇಳಿದನೆಂದು ಅವನು ಓಟ್ಸ್ ತಿನ್ನುತ್ತಿದ್ದ. ರೊಟ್ಟಿಯಿಂದ ಮೇಲೆ ಬಂದ ಮನೆಯ ಹುಡುಗ ಓಟ್ಸ್ ತಿನ್ನುವುದನ್ನು ದ್ಯಾಮಪ್ಪ ದಿನಾ ಹೊಸದಾಗಿ ಕಂಡವನಂತೆ ನೋಡುತ್ತಿದ್ದ. ಪಾರವ್ವ ಮಾತ್ರ ಮಗನ ರೊಟ್ಟಿಯನ್ನು ತಟ್ಟೆಯಲ್ಲಿಟ್ಟು ಮುಚ್ಚಿಡುತ್ತಿದ್ದಳು. ಮಧ್ಯಾಹ್ನ ಅದನ್ನು ತಾನೇ ತಿನ್ನುತ್ತಿದ್ದಳು.

ಆಷಾಢದ ಒಂದು ಬೆಳಿಗ್ಗೆ ಬಾಳೇಶ ಓಟ್ಸಿನ ಬಟ್ಟಲನ್ನು ಹಿತ್ತಲಿಗೇ ತಂದು ತಾಯಿಯ ಎದುರು ಕೂತ. ಹಾಗೆ ಕೂತನೆಂದರೆ ಏನೋ ದೊಡ್ಡದನ್ನೇ ಮನಸ್ಸಿನಲ್ಲಿಟ್ಟುಕೊಂಡಿದ್ದಾನೆಂದು ಪಾರವ್ವನಿಗೆ ಗೊತ್ತು. ದೇಶದ ತುಂಬ ಅಂಗಡಿಗಳಿರುವ ಒಂದು ಕಂಪನಿ ರೊಟ್ಟಿ ಕೇಳಿದೆ, ದಿನಕ್ಕೆ ಒಂದು ಲಕ್ಷ ಎಂದ. ಎಲ್ಲವೂ ಒಂಬತ್ತಿಂಚು ಅಗಲ, ಒಂದೇ ದಪ್ಪ ಇರಬೇಕು. ಕೈಯಿಂದ ಅದು ಆಗದ ಕೆಲಸ. ಕೆಂಗೇರಿಯ ಕಡೆ ಶೆಡ್ ನೋಡಿಟ್ಟಿದ್ದೇನೆ, ರೊಟ್ಟಿ ಯಂತ್ರದವರೂ ತಯಾರಿದ್ದಾರೆ, ನಿನ್ನ ಸಹಿ ಒಂದು ಬೇಕು ಎಂದ.

"ಮತ್ತ ಲಗ್ಗೆರಿ ಹೆಣ್ಮಕ್ಕಳು?" ಎಂದು ಪಾರವ್ವ ಕೇಳಿದಳು. ಕೈ ಇನ್ನೂ ಹಿಟ್ಟಿನ ಮೇಲಿತ್ತು.

"ಪ್ಯಾಕಿಂಗಿಗೆ ತಗೊಳ್ಳೋಣ. ಎಷ್ಟು ಮಂದಿ ಬೇಕೋ ಅಷ್ಟು."

"ಮುನ್ನೂರ ನಲವತ್ತು ಮನಿ ಅದಾವು. ಎಷ್ಟು ಮಂದಿ ಬೇಕು ಹೇಳು."

ಬಾಳೇಶ ಬಟ್ಟಲಲ್ಲಿ ಚಮಚ ಆಡಿಸಿ, "ನಲವತ್ತು" ಎಂದ.

ಪಾರವ್ವ ರೊಟ್ಟಿಯನ್ನು ಹಂಚಿಗೆ ಹಾಕಿ ಮೇಲೆ ನೀರು ಸವರಿದಳು. ಅವಳ ಕಂಪನಿಯ ಒಂದೊಂದು ಪೊಟ್ಟಣದಲ್ಲೂ ಒಂದು ಸಣ್ಣ ಚೀಟಿ ಇರುತ್ತಿತ್ತು. 'ಬಡಿದವರು' ಎಂದು ಅಚ್ಚಾಗಿ, ಅದರ ಕೆಳಗೆ ಆ ರೊಟ್ಟಿ ಮಾಡಿದ ಹೆಂಗಸಿನ ಹೆಸರು. ಮೊದಲ ಪೊಟ್ಟಣದಿಂದಲೂ ಅದು ತಪ್ಪಿರಲಿಲ್ಲ.

"ಯಂತ್ರದ ರೊಟ್ಟಿಗೆ ಬಡಿದಾಕಿ ಹೆಸರು ಏನಂತ ಬರಸ್ತಿ?" ಎಂದಳು.

"ಆ ಚೀಟಿ ಯಾರು ಓದ್ತಾರವ್ವಾ? ರೊಟ್ಟಿ ಮುರದೈತೋ ಇಲ್ಲೋ, ಅಷ್ಟ ನೋಡ್ತಾರ."

ಆ ಮುನ್ನೂರ ನಲವತ್ತು ಮನೆ ಒಂದು ದಿನಕ್ಕೆ ಬಂದದ್ದಲ್ಲ. ಇಪ್ಪತ್ತನಾಲ್ಕು ವರ್ಷದ ಹಿಂದೆ ದ್ಯಾಮಪ್ಪನಿಗೆ ಪೀಣ್ಯದ ಕಾರ್ಖಾನೆಯೊಂದರಲ್ಲಿ ಲೋಡು ಹೊರುವ ಕೆಲಸ ಸಿಕ್ಕಿತು. ಹೆಂಡತಿಯನ್ನೂ ಐದು ವರ್ಷದ ಬಾಳೇಶನನ್ನೂ ಕರೆದುಕೊಂಡು ಹುನಗುಂದದ ಕಡೆಯಿಂದ ಬಂದು, ಲಗ್ಗೆರೆಯಲ್ಲಿ ಲಿಂಗಮ್ಮನೆಂಬವಳ ವಠಾರದ ಒಂದು ಕೋಣೆ ಹಿಡಿದ. ಅವನ ಜೊತೆ ಲೋಡು ಹೊರುತ್ತಿದ್ದವರೂ ಬಾಗಲಕೋಟೆ, ಗದಗ, ಕೊಪ್ಪಳದ ಕಡೆಯವರೇ. ಮೆಸ್ಸಿನ ಅನ್ನ ತಿಂದು ನಾಲಿಗೆ ಕೆಟ್ಟವರು. ದ್ಯಾಮಪ್ಪನ ಬುತ್ತಿಯನ್ನು ಮೂರು ದಿನ ಹಂಚಿಕೊಂಡು ಖಾಲಿ ಮಾಡಿದರು. ನಾಲ್ಕನೆಯ ದಿನ ಅವನು ಹಸಿದುಕೊಂಡು ಮನೆಗೆ ಬಂದು, ನಾಳೆ ಹತ್ತು ಹೆಚ್ಚಿಗೆ ಬಡಿ, ರೊಕ್ಕ ಕೊಡುತ್ತಾರಂತೆ ಎಂದ. ಪಾರವ್ವ ಇಪ್ಪತ್ತು ಬಡಿದಳು. ಅವಳ ಸ್ವಭಾವವೇ ಅದು, ಕೇಳಿದ್ದಕ್ಕಿಂತ ಒಂದು ಕೈ ಹೆಚ್ಚು.

ವರ್ಷದೊಳಗೆ ಇಪ್ಪತ್ತು ಇನ್ನೂರಾಯಿತು. ನಸುಕಿಗೇ ಪಟಪಟ ಸದ್ದು, ಮನೆ ತುಂಬ ಹೊಗೆ ಎಂದು ಲಿಂಗಮ್ಮ ಮೂರು ಸಲ ಕೋಣೆ ಬಿಡಿಸಲು ಬಂದಳು. ಮೂರನೆಯ ಸಲ ಪಾರವ್ವ ಜಗಳಕ್ಕೆ ನಿಲ್ಲದೆ ಬಿಸಿ ರೊಟ್ಟಿಯ ಮೇಲೆ ಬದನೆಕಾಯಿ ಎಣ್ಣೆಗಾಯಿ ಹಾಕಿ ಕೈಗಿಟ್ಟಳು. ಲಿಂಗಮ್ಮ ಹೊಸ್ತಿಲಲ್ಲೇ ಕೂತು ತಿಂದಳು. ತಿಂದು ಕೈ ತೊಳೆದವಳು, ಹಸು ಮಾರಿದ ಮೇಲೆ ಖಾಲಿ ಬಿದ್ದಿದ್ದ ತನ್ನ ಕೊಟ್ಟಿಗೆಯಲ್ಲಿ ಒಲೆ ಹಾಕಿಕೋ ಎಂದಳು. ಬಾಡಿಗೆ ದಿನಕ್ಕೆ ಎರಡು ರೊಟ್ಟಿ.

ಆ ಕೊಟ್ಟಿಗೆಗೆ ಕೈ ಕೂಡಿಸಲು ಮೊದಲು ಬಂದವಳು ಪಕ್ಕದ ಓಣಿಯ ಹನಮವ್ವ. ಅವಳ ಹಿಂದೆ ಇನ್ನೂ ಏಳು ಮಂದಿ ಬಂದರು. ಪಾರವ್ವ ತಗಡಿನ ಡಬ್ಬಿಯಲ್ಲಿ ರೊಟ್ಟಿ ತುಂಬಿಕೊಂಡು ಬಸ್ಸಿನಲ್ಲಿ ರಾಜಾಜಿನಗರದ ಖಾನಾವಳಿಗಳಿಗೆ, ಆಮೇಲೆ ವಿಜಯನಗರದ ಅಂಗಡಿಗಳಿಗೆ ಹೋಗುತ್ತಿದ್ದಳು. ಬೇಡವೆಂದ ಅಂಗಡಿಯವನಿಗೆ ಎರಡು ರೊಟ್ಟಿ ಸುಮ್ಮನೆ ಕೊಟ್ಟು ಬಂದು, ಮುಂದಿನ ವಾರ ಮತ್ತೆ ಹೋಗಿ ನಿಲ್ಲುತ್ತಿದ್ದಳು. ಅವಳು ಹೀಗೆ ಊರು ಸುತ್ತುವಾಗ ಬಾಳೇಶ ಹನಮವ್ವನ ಮನೆಯಲ್ಲಿ ಉಂಡು ಅಲ್ಲೇ ಮಲಗುತ್ತಿದ್ದ. ಮೂರು ತಿಂಗಳಾದರೂ ಕೆಡದ ಕಡಕ್ ರೊಟ್ಟಿಯನ್ನು ಪೊಟ್ಟಣ ಕಟ್ಟಿದ ಮೇಲೆ ವ್ಯಾಪಾರ ಅವಳು ತಿರುಗಿ ನೋಡುವಷ್ಟರಲ್ಲಿ ಬೆಳೆಯಿತು. ಹಿಟ್ಟು ಮನೆಮನೆಗೆ ವ್ಯಾನಿನಲ್ಲಿ ಹೋಗುತ್ತಿತ್ತು, ಸಂಜೆ ರೊಟ್ಟಿಯಾಗಿ ಬರುತ್ತಿತ್ತು. ಪೀಣ್ಯದಲ್ಲಿ ಸ್ವಂತ ಕಟ್ಟಡ, ಆಮೇಲೆ ಬಸವೇಶ್ವರನಗರದ ಮನೆ, ಕಳೆದ ವರ್ಷ ನಲವತ್ತು ಕೋಟಿಯ ವಹಿವಾಟು. ಇದೆಲ್ಲ ಆ ಹೆಂಗಸರ ಅಂಗೈಯಿಂದ ಬಂದದ್ದೆಂದು ಪಾರವ್ವ ಮರೆತಿರಲಿಲ್ಲ, ಅಥವಾ ಮರೆತಿಲ್ಲವೆಂದು ಅವಳು ನಂಬಿದ್ದಳು.

ಆವತ್ತಿನಿಂದ ಒಂದು ವಾರ ಆ ಮನೆಯಲ್ಲಿ ಊಟಕ್ಕೆ ಕೂತರೆ ಅದೇ ಮಾತು. ಯಂತ್ರ ಬೇಡವೆನ್ನುವುದಾದರೆ ಆ ಕಂಪನಿಯನ್ನೇ ಬಿಡಬೇಕು, ನಾವು ಬಿಟ್ಟರೆ ಬೇರೆಯವನು ಹಿಡಿಯುತ್ತಾನೆ, ಐದು ವರ್ಷದಲ್ಲಿ ನಾವು ಇರುವುದಿಲ್ಲ ಎಂದು ಬಾಳೇಶ ವಾದಿಸಿದ. ಅವನು ಹೇಳುವುದರಲ್ಲಿ ಹುರುಳಿದೆಯೆಂದು ಪಾರವ್ವನಿಗೂ ಗೊತ್ತಿತ್ತು. ಕೊನೆಗೆ ಅವಳೇ ದಾರಿ ತೆಗೆದಳು. ಆ ಕಂಪನಿಯವರು ನೋಡಲಿಕ್ಕೆಂದು ಮೊದಲು ಮೂರು ಲಕ್ಷ ರೊಟ್ಟಿ ಕೇಳಿದ್ದರು, ಇಪ್ಪತ್ತೊಂದು ದಿನದೊಳಗೆ.

"ಅವನ್ನ ಕೈಲೇ ಮಾಡಿ ಕೊಡ್ತೀನಿ. ಎಲ್ಲಾ ಒಂಬತ್ತಿಂಚು. ಕೊಟ್ರ ನೀ ಕೆಂಗೇರಿ ಶೆಡ್ಡಿನ ಮಾತು ಎತ್ತಬಾರದು" ಎಂದಳು.

"ಒಂದು ಕಡಿಮಿ ಬಿದ್ರ?"

"ನೀ ಹೇಳಿದ ಕಡೆ ಸಹಿ ಹಾಕ್ತೀನಿ."

ದ್ಯಾಮಪ್ಪ ಇಬ್ಬರ ಮುಖವನ್ನೂ ನೋಡಿ, ಮಜ್ಜಿಗೆ ಕುಡಿದು, ತನ್ನ ತಟ್ಟೆಯನ್ನು ತಾನೇ ತೊಳೆದಿಟ್ಟು ಹೊರಗೆ ಹೋದ. ಅಷ್ಟು ಶ್ರೀಮಂತನಾದರೂ ಆ ಮನುಷ್ಯ ತಟ್ಟೆ ತೊಳೆಯುವುದನ್ನು ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ.

ಪಾರವ್ವ ಪೀಣ್ಯದ ಒಂದು ವರ್ಕ್‌ಶಾಪಿನಲ್ಲಿ ಒಂಬತ್ತಿಂಚಿನ ಮುನ್ನೂರ ನಲವತ್ತು ಉಕ್ಕಿನ ಉಂಗುರ ಮಾಡಿಸಿದಳು. ರೊಟ್ಟಿ ಬಡಿದು ಉಂಗುರದೊಳಗಿಟ್ಟರೆ ಅಂಚು ಅಂಚಿಗೆ ಕೂಡಬೇಕು. ಇಷ್ಟು ದೊಡ್ಡ ಬಳೆ ಯಾರ ಕೈಗೆಂದು ಲಗ್ಗೆರೆಯ ಹೆಂಗಸರು ನಕ್ಕರು, ಆದರೆ ಎರಡು ದಿನದಲ್ಲಿ ಅಳತೆ ಕೈಗೆ ಕೂತಿತು. ಉಂಗುರ ಯಾಕೆ, ಈ ಅವಸರ ಯಾಕೆ ಎಂದು ಪಾರವ್ವ ಅವರಿಗೆ ಹೇಳಲಿಲ್ಲ. ದೊಡ್ಡ ಆರ್ಡರು ಬಂದಿದೆ, ಕೈ ಚುರುಕು ಮಾಡಿ ಎಂದಷ್ಟೇ ಹೇಳಿದಳು. ಉಳಿದ ಸರಕನ್ನು ಅರ್ಧಕ್ಕೆ ಇಳಿಸಿ ಬೆಳಿಗ್ಗೆ ಏಳಕ್ಕೆ ಪೀಣ್ಯಕ್ಕೆ ಹೋದರೆ ಸಂಜೆಯೇ ಮನೆ. ಹತ್ತು ದಿನ ಕಳೆಯುವಷ್ಟರಲ್ಲಿ ಅರ್ಧ ದಾಟಿತ್ತು. ಬಾಳೇಶ ಓಟ್ಸ್ ತಿನ್ನುತ್ತ, ಕೆಂಗೇರಿಯ ಶೆಡ್ಡಿನವನ ಫೋನನ್ನು ಎರಡು ಸಲ ಎತ್ತದೆ ಬಿಟ್ಟ.

ಅಷ್ಟರಲ್ಲಿ ಶ್ರಾವಣ ಬಂತು. ನಾಗರ ಪಂಚಮಿಗೆ ಮುಂಚೆ ಅವರ ಕಡೆಯವರಿಗೆ ರೊಟ್ಟಿ ಹಬ್ಬ. ಅವತ್ತು ಮನೆಮನೆಯಲ್ಲೂ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಜೋಳದ ರೊಟ್ಟಿ, ಐದಾರು ಬಗೆ ಪಲ್ಯ, ಗುರೆಳ್ಳು ಹಿಂಡಿ ಎನ್ನುವ ಚಟ್ನಿಪುಡಿ ಮಾಡಿ ಓಣಿಯವರಿಗೆಲ್ಲ ಬೀರುತ್ತಾರೆ. ಬೀರುವುದೆಂದರೆ ಬರೀ ಕೊಟ್ಟು ಬರುವುದಲ್ಲ. ಆ ಮನೆಯ ರೊಟ್ಟಿಯನ್ನು ಅದೇ ತಟ್ಟೆಯಲ್ಲಿ ಇಸಿದುಕೊಂಡು ಬರುವುದು. ಕೊಟ್ಟವರು ತೆಗೆದುಕೊಳ್ಳದೆ ಹೋದರೆ, ನಿಮಗೂ ನಮಗೂ ಇನ್ನು ಏನೂ ಉಳಿದಿಲ್ಲವೆಂದು ಅರ್ಥ. ಪಾರವ್ವ ಎಷ್ಟು ದೊಡ್ಡವಳಾದರೂ ಪ್ರತಿ ವರ್ಷ ಎರಡು ದಿನ ಲಗ್ಗೆರೆಯ ಓಣಿಗಳಲ್ಲಿ ತಾನೇ ಬುಟ್ಟಿ ಹೊತ್ತು ತಿರುಗುತ್ತಿದ್ದಳು. ಆಮೇಲೆ ಎಂಟು ದಿನ ಬಸವೇಶ್ವರನಗರದ ಮನೆಯಲ್ಲಿ ಮಂದಿಯ ಮನೆಯ ರೊಟ್ಟಿಯೇ ಊಟ.

ಈ ಸಲ ಅವಳ ಮೊಣಕಾಲು ಊದಿತ್ತು, ತಲೆಯ ತುಂಬ ಉಳಿದ ಒಂದು ಲಕ್ಷ ನಲವತ್ತು ಸಾವಿರ ರೊಟ್ಟಿ. ಅತ್ತೆಯ ಪಾಡು ನೋಡಲಾಗದೆ ಕೀರ್ತನಾ ಮುಂದೆ ಬಂದಳು.

"ಅತ್ತೆ, ನೀವು ಆರ್ಡರ್ ನೋಡ್ಕೊಳ್ಳಿ. ಹಬ್ಬದ್ದು ನನಗೆ ಬಿಡಿ. ಚೆನ್ನಾಗಿರೋ ಬಾಕ್ಸ್ ಮಾಡ್ಸಿ, ಡೆಲಿವರಿ ಹುಡುಗರನ್ನ ಹಿಡ್ದು, ಒಂದೇ ದಿನದಲ್ಲಿ ಎಲ್ಲರ ಮನೆಗೂ ತಲುಪಿಸ್ತೀನಿ."

ಕೀರ್ತನಾ ಅತ್ತಿಗುಪ್ಪೆಯವಳು. ಅವಳ ತಾತ ಚಿಕ್ಕಣ್ಣನ ರಾಗಿ ಹೊಲದ ಮೇಲೆ ಈಗ ಮೂರು ಕಲ್ಯಾಣ ಮಂಟಪಗಳು ನಿಂತಿವೆ. ಅವರ ಕಡೆ ರೊಟ್ಟಿ ಹಬ್ಬ ಇಲ್ಲ. ಮದುವೆಯಾಗಿ ಎರಡು ವರ್ಷವಾಗಿದ್ದರೂ ಬುಟ್ಟಿಯ ಜೊತೆ ಅವಳು ಹೋದದ್ದಿಲ್ಲ. ಈ ತಪ್ಪನ್ನು ಅವಳ ತಲೆಗೆ ಕಟ್ಟುವ ಹಾಗಿಲ್ಲ. ಗೊತ್ತಿದ್ದವಳು ಪಾರವ್ವ, ಮತ್ತು ಹೂಂ ಮಾಡವ್ವ ಎಂದು ಮುಖ ಎತ್ತದೆ ಹೇಳಿದವಳೂ ಪಾರವ್ವನೇ.

ಹಬ್ಬದ ದಿನ ಬಂಗಾರದ ಬಣ್ಣದ ಮುನ್ನೂರ ನಲವತ್ತೊಂದು ಡಬ್ಬಗಳು ಮಧ್ಯಾಹ್ನದೊಳಗೆ ಲಗ್ಗೆರೆಯ ಮನೆಗಳನ್ನು ಸೇರಿದವು. ಹೆಚ್ಚಿನ ಒಂದು ಲಿಂಗಮ್ಮನಿಗೆ. ಒಂದೂ ತಪ್ಪಲಿಲ್ಲವೆಂದು ಕೀರ್ತನಾ ಫೋನಿನಲ್ಲಿ ತೋರಿಸಿದಳು. ಪಾರವ್ವ ಅವಳ ತಲೆ ಸವರಿದಳು.

ಪಂಚಮಿಯ ದಿನ ಎಂದಿನಂತೆ ರಜೆ. ಮರುದಿನ ಹಿಟ್ಟು ತೆಗೆದುಕೊಂಡು ಹೋದ ವ್ಯಾನು ಹಿಟ್ಟಿನ ಸಮೇತ ತಿರುಗಿ ಬಂತು. ವ್ಯಾನಿನ ಉಸ್ತುವಾರಿಯ ಮಹದೇವ್ ತಲೆ ಕೆರೆದುಕೊಂಡು ನಿಂತ. ಒಬ್ಬಳಿಗೆ ಕೈ ನೋವಂತೆ, ಒಬ್ಬಳ ಮನೆಗೆ ನೆಂಟರಂತೆ, ಒಬ್ಬಳು ಊರಿಗೆ ಹೋಗುವವಳಂತೆ. ಅದರ ಮರುದಿನವೂ ಅದೇ. ಮೂರನೆಯ ದಿನ ಯಾರೂ ನೆಪ ಹೇಳುವ ತೊಂದರೆಯನ್ನೂ ತೆಗೆದುಕೊಳ್ಳಲಿಲ್ಲ, ಬಾಗಿಲನ್ನೇ ತೆರೆಯಲಿಲ್ಲ. ಬಾಳೇಶ ಆಡಿಕೊಳ್ಳಲಿಲ್ಲ. ಯಂತ್ರದ ಕಾಗದಗಳನ್ನು ತಂದು ಊಟದ ಮೇಜಿನ ಮೇಲೆ, ಉಪ್ಪಿನಕಾಯಿ ಜಾಡಿಯ ಪಕ್ಕದಲ್ಲಿಟ್ಟ, ಅಷ್ಟೇ. ಅದು ಆಡಿಕೊಳ್ಳುವುದಕ್ಕಿಂತ ಹೆಚ್ಚು ಉರಿಯಿತು.

ಪಾರವ್ವ ಕಾರು ಹತ್ತಿ ನೇರ ಲಿಂಗಮ್ಮನ ಮನೆಗೆ ಹೋದಳು. ಲಿಂಗಮ್ಮನಿಗೆ ಈಗ ಎಂಬತ್ತೆರಡು. ಲಗ್ಗೆರೆ ಹಳ್ಳಿಯಾಗಿದ್ದ ಕಾಲದ ಹೆಂಗಸು, ಓಣಿಯ ಸುದ್ದಿಯೆಲ್ಲ ಅವಳ ಜಗಲಿಯನ್ನು ಹಾದೇ ಹೋಗಬೇಕು. ಪಾರವ್ವನ ರೊಟ್ಟಿ ಹಬ್ಬ ಅವಳ ಹಬ್ಬವಲ್ಲದಿದ್ದರೂ, ವರ್ಷಕ್ಕೊಮ್ಮೆ ಆ ದಿನ ಪಾರವ್ವನಿಗೆಂದೇ ಒಂದು ದಪ್ಪ ರಾಗಿ ರೊಟ್ಟಿ ತಟ್ಟಿಡುವುದು ಅವಳ ಪದ್ಧತಿಯಾಗಿಬಿಟ್ಟಿತ್ತು.

"ಬಂದ್ಯಾ? ಕೂತ್ಕೋ" ಎಂದಳು ಲಿಂಗಮ್ಮ. "ನಿನ್ ಕಡೆಯೋನು ಡಬ್ಬ ಕೈಗಿಟ್ಟು ಓಡ್ತಿದ್ದ ಕಣವ್ವ. ಏ ನಿಂತ್ಕಳಪ್ಪ, ನಮ್ಮನೆ ರೊಟ್ಟಿ ತಗಂಡ್ ಹೋಗು ಅಂದೆ. ಅಜ್ಜಿ, ಡ್ರಾಪ್ ಅಷ್ಟೇ, ಪಿಕಪ್ ಇಲ್ಲ ಅಂದ. ಹಂಗಂದ್ರೆ ಏನು ಅಂತ ಮೊಮ್ಮಗಳನ್ನ ಕೇಳಿ ತಿಳ್ಕೊಂಡೆ."

"ಎಲ್ಲರ ಮನ್ಯಾಗೂ ಹಿಂಗೇನು?" ಎಂದಳು ಪಾರವ್ವ.

"ಎಲ್ರ ಮನೇಲೂ. ತಟ್ಟೆ ಹಿಡ್ಕೊಂಡು ಬಾಗಿಲಲ್ಲಿ ನಿಂತಿದ್ರು ನಿನ್ ಹೆಂಗಸ್ರು. ಒಬ್ಬನೂ ತಗೊಳ್ಳಿಲ್ಲ."

ಮುನ್ನೂರ ನಲವತ್ತು ತಟ್ಟೆಗಳನ್ನು ಪಾರವ್ವನೇ ಕೈಯಾರೆ ಹಿಂದಕ್ಕೆ ತಳ್ಳಿದಂತಾಗಿತ್ತು. ನಿಂದಾದರೂ ಕೊಡು ಎಂದು ಕೈ ಒಡ್ಡಿದಳು. ಲಿಂಗಮ್ಮ ತಲೆಯಾಡಿಸಿದಳು.

"ಬಟ್ಟೇಲಿ ಸುತ್ತಿ ಇಟ್ಟಿದೀನಿ. ಈಗ ಕೊಡಲ್ಲ. ಅವರೆಲ್ಲರ ಮನೇದೂ ಇಸ್ಕೊಂಡು ಬಾ, ಕೊನೇಲಿ ನಂದು."

ಆ ರಾತ್ರಿ ಊಟದ ಮೇಜಿನಲ್ಲಿ ಪಾರವ್ವ ಎಲ್ಲವನ್ನೂ ಹೇಳಿದಳು. ಕೀರ್ತನಾ ಅಳತೊಡಗಿದಳು.

"ನೀ ಯಾಕ ಅಳ್ತಿ? ನಿನಗ ಗೊತ್ತಿರಲಿಲ್ಲ. ನನಗ ಗೊತ್ತಿತ್ತು" ಎಂದು ಪಾರವ್ವ ಅವಳ ತಟ್ಟೆಗೆ ಪಲ್ಯ ಬಡಿಸಿದಳು.

ಬಾಳೇಶನಿಗೆ ಸಿಟ್ಟು ಬಂತು. "ಒಂದು ರೊಟ್ಟಿ ತಗೊಳ್ಳಲಿಲ್ಲ ಅಂತ ಕೆಲಸ ಬಿಡ್ತಾರೇನವ್ವಾ? ಇಂಥವರನ್ನ ನಂಬಿ ನಾವು ದೊಡ್ಡ ಆರ್ಡರ್ ಹಿಡೀಬೇಕೇನು?"

ಊಟದ ಹೊತ್ತಿನಲ್ಲಿ ಬಾಯಿ ಬಿಡದ ದ್ಯಾಮಪ್ಪ ಆವತ್ತು ಬಿಟ್ಟ. "ನೀ ಸಣ್ಣಾಂವ ಇದ್ದಾಗ ಯಾರ ಮನ್ಯಾಗ ಉಣ್ತಿದ್ದಿ?" ಎಂದ.

ನಾಳೆ ಹೋಗುತ್ತೇನೆ ಎಂದು ಪಾರವ್ವ ಎದ್ದಳು. ಡಬ್ಬ ಬೇಡ, ಕಾಣಿಕೆ ಬೇಡ, ಖಾಲಿ ಬುಟ್ಟಿ ಸಾಕು. ಕೊಡುವುದು ಮುಗಿದಿದೆ, ಇನ್ನು ಇಸಿದುಕೊಳ್ಳುವುದೊಂದೇ ಬಾಕಿ ಎಂದಳು. ಬುಟ್ಟಿ ನಾನು ಹಿಡಿದುಕೊಳ್ಳುತ್ತೇನೆ ಎಂದು ಕೀರ್ತನಾ ಮೂಗು ಒರೆಸಿಕೊಂಡಳು. ಗಡುವಿಗೆ ಉಳಿದಿದ್ದದ್ದು ಏಳು ದಿನ.

ಮೊದಲು ಹೋದದ್ದು ಹನಮವ್ವನ ಮನೆಗೆ. ಅವಳು ಕೊಟ್ಟರೆ ಓಣಿ ಕೊಡುತ್ತದೆ, ಅವಳು ಕೊಡದಿದ್ದರೆ ಬೇರೆ ಬಾಗಿಲು ಬಡಿದು ಉಪಯೋಗವಿಲ್ಲ. ನಿಮ್ಮ ಮನೆಯ ರೊಟ್ಟಿ ಇಸಿದುಕೊಳ್ಳಲು ಬಂದೆ ಎಂದು ಪಾರವ್ವ ಹೊಸ್ತಿಲ ಹೊರಗೆ ನಿಂತು ಹೇಳಿದಳು.

"ಹಬ್ಬ ಮುಗೀತು ಪಾರವ್ವ. ರೊಟ್ಟಿ ತೀರ್ಯಾವು" ಎಂದಳು ಹನಮವ್ವ.

"ನೀ ಇನ್ನೊಂದು ಬ್ಯಾರೆ ಬಡಿಯೂತನಾ ಕೂಡ್ತೀನಿ" ಎಂದು ಪಾರವ್ವ ಮೆಟ್ಟಿಲ ಮೇಲೆ ಕೂತಳು.

ಹನಮವ್ವ ತನ್ನ ಕೆಲಸಕ್ಕೆ ಹೊರಳಿದಳು. ಪಾತ್ರೆ ತಿಕ್ಕಿದಳು. ಬಟ್ಟೆ ಒಣಹಾಕಿದಳು. ಕಸ ಗುಡಿಸುತ್ತ ಬಂದವಳು ಪಾರವ್ವನ ಕಾಲ ಹತ್ತಿರ ಬಂದಾಗ ಕಾಲೆತ್ತು ಎಂದಳು. ಪಾರವ್ವ ಕಾಲೆತ್ತಿದಳೇ ಹೊರತು ಏಳಲಿಲ್ಲ. ಓಣಿಯ ಬಾಗಿಲುಗಳಲ್ಲಿ ಒಂದೊಂದೇ ತಲೆ ಕಾಣಿಸಿಕೊಂಡಿತು. ಕೀರ್ತನಾ ಬುಟ್ಟಿಯನ್ನು ಒಂದು ಸೊಂಟದಿಂದ ಇನ್ನೊಂದಕ್ಕೆ ಬದಲಿಸುತ್ತ ಬಿಸಿಲಲ್ಲಿ ನಿಂತಿದ್ದಳು. ಒಂದು ತಾಸಿನ ಮೇಲೆ ಹನಮವ್ವ ಪೊರಕೆಯನ್ನು ಗೋಡೆಗೆ ಒರಗಿಸಿ ಎದುರು ಕೂತಳು.

"ಯಂತ್ರ ಬರತೈತಂತ, ವ್ಯಾನಿನ ಹುಡುಗರು ಅಂದ್ರು. ಅದಕ್ಕ ನಮ್ಮ ರೊಟ್ಟಿ ಬ್ಯಾಡಾಗ್ಯಾವು ಅಂದ್ಕೊಂಡ್ವಿ. ಸುಳ್ಳೇನು?"

"ಸುಳ್ಳಲ್ಲ" ಎಂದಳು ಪಾರವ್ವ. "ಈ ಮೂರು ಲಕ್ಷ ಕೊಡದಿದ್ರ ಬರತೈತಿ. ಮಗಗ ಮಾತು ಕೊಟ್ಟೀನಿ."

"ಇದು ನಮ್ಮ ಹೊಟ್ಟಿ ಮಾತು. ನಮಗ್ಯಾಕ ಹೇಳಲಿಲ್ಲ? ಬರೀ ಉಂಗುರ ಕೊಟ್ಟಿ."

ಅವರಿಗೆ ಹೇಳಿದರೆ ಹೆದರುತ್ತಾರೆ, ನಾನೊಬ್ಬಳೇ ಹೊತ್ತರೆ ಸಾಕು ಎಂದು ಪಾರವ್ವ ಅಂದುಕೊಂಡಿದ್ದಳು. ಹಾಗೆ ಅಂದುಕೊಂಡ ದಿನವೇ ತಾನು ಅವರ ಯಜಮಾನಿಯಾಗಿಬಿಟ್ಟೆನೆಂದು ಈಗ ತಿಳಿಯಿತು.

"ತಪ್ಪಾತು" ಎಂದಳು. ಕಂಪನಿ ಶುರುವಾದಾಗಿನಿಂದ ಆ ಮಾತನ್ನು ಅವಳು ಯಾರ ಮುಂದೆಯೂ ಆಡಿರಲಿಲ್ಲ.

ಹನಮವ್ವ ತನ್ನ ಬಲಗೈಯನ್ನು ಮೇಲೆತ್ತಲು ಹೋಗಿ ಭುಜದ ಮಟ್ಟಕ್ಕೆ ನಿಲ್ಲಿಸಿದಳು. "ಇದರ ಮ್ಯಾಲೆ ಏಳೂದಿಲ್ಲ. ಬಡಿಯೂದರಾಗ ಏನೂ ತ್ರಾಸಿಲ್ಲ. ಕುದಿಯೋ ನೀರಾಗ ಹಿಟ್ಟು ನಾದಿ ನಾದಿ ರಟ್ಟಿ ಹೋಗ್ಯಾವು. ಯಂತ್ರ ತರೂದಿದ್ರ ನಾದಾಕ ತರ್ರಿ. ಬಡಿಯಾಕ ನಾವದೀವಿ."

ಹೀಗೆಂದು ಎದ್ದು ಒಳಗೆ ಹೋಗಿ ಒಲೆ ಹಚ್ಚಿದಳು. ಬಿಸಿ ರೊಟ್ಟಿಯೊಂದನ್ನು ತಂದು, ಮೇಲೆ ಹಿಂಡಿ ಇಟ್ಟು, ಬುಟ್ಟಿಗೆ ಹಾಕಿದಳು. ಎದುರು ಮನೆಯವಳು ಆಗಲೇ ತಟ್ಟೆ ಹಿಡಿದು ನಿಂತಿದ್ದಳು.

ಪಾರವ್ವ ಆ ಮೆಟ್ಟಿಲ ಮೇಲಿಂದಲೇ ಮಗನಿಗೆ ಫೋನು ಮಾಡಿದಳು. ಬಿಸಿನೀರಿನಲ್ಲಿ ಜೋಳದ ಹಿಟ್ಟು ನಾದುವ ಯಂತ್ರ ಎಲ್ಲಿ ಸಿಗುತ್ತದೆ, ಓಣಿಗೊಂದರಂತೆ ಹನ್ನೆರಡು ಬೇಕು ಎಂದಳು.

"ನನ್ನ ಸೋಲಸಾಕ ನನ್ನ ಕಡೆನ ಯಂತ್ರ ಕೇಳ್ತಿಯಲ್ಲವ್ವಾ" ಎಂದ ಬಾಳೇಶ.

"ಮನ್ಯಾಗ ಇಂಜಿನಿಯರ್ ಇರೂದು ನೀ ಒಬ್ಬಾಂವ. ಬ್ಯಾರೆ ಯಾರನ್ನ ಕೇಳ್ಲಿ?"

ಸಂಜೆಯೊಳಗೆ ಅವನು ರಾಜಾಜಿನಗರದ ಅಂಗಡಿಯೊಂದರಿಂದ ಬೇಕರಿಯವರು ಬಳಸಿ ಬಿಟ್ಟ ಮೂರು ಹಿಟ್ಟು ನಾದುವ ಯಂತ್ರಗಳನ್ನು ಟೆಂಪೋದಲ್ಲಿ ಹಾಕಿಕೊಂಡು ಬಂದ. ಮೊದಲನೆಯದನ್ನು ಲಿಂಗಮ್ಮನ ಹಳೆಯ ಕೊಟ್ಟಿಗೆಯಲ್ಲಿ ಇಳಿಸಿದರು. ಮೈದಾಕ್ಕೆ ಮಾಡಿದ ಯಂತ್ರ ಜೋಳಕ್ಕೆ ಒಗ್ಗಲಿಲ್ಲ. ಮೊದಲ ಹಿಟ್ಟು ಬಡಿದರೆ ಒಡೆಯಿತು, ಎರಡನೆಯದು ಅಂಟಾಯಿತು. ಬಾಳೇಶನಿಗೆ ಹಟ ಹಿಡಿಯಿತು. ಮರುದಿನ ಬೆಳಿಗ್ಗೆಯೇ ಬಂದು ತೋಳು ಮಡಚಿ, ಸ್ಪ್ಯಾನರು ಹಿಡಿದು ಯಂತ್ರದ ವೇಗ ಇಳಿಸಿದ. ಹನಮವ್ವ ಪಕ್ಕದಲ್ಲಿ ನಿಂತು, ಮೊದಲು ನೀರು ಕುದಿಯಲಿ, ಆಮೇಲೆ ಹಿಟ್ಟು, ಈಗ ನಿಲ್ಲಿಸು, ಈಗ ತಿರುವು ಎಂದು ಹೇಳುತ್ತ ಹೋದಳು. ಹನ್ನೊಂದು ಗಂಟೆಗೆ ಹಿಟ್ಟು ಹದಕ್ಕೆ ಬಂತು. ಅಲ್ಲೇ ಬಡಿದ ಬಿಸಿ ರೊಟ್ಟಿಯನ್ನು ಅವಳು ಅವನ ಕೈಗಿಟ್ಟಳು. ಅವನು ಯಂತ್ರವನ್ನೇ ನೋಡುತ್ತ ಎರಡು ತಿಂದ. ತಿಂದದ್ದು ಅವನ ಗಮನಕ್ಕೆ ಬಂದ ಹಾಗೆ ಕಾಣಲಿಲ್ಲ, ಪಾರವ್ವನೂ ಗಮನಕ್ಕೆ ತರಲಿಲ್ಲ.

ಮಿಕ್ಕ ದಿನಗಳು ಹೇಗೆ ಹೋದವೆಂದು ಆ ಮನೆಯವರಿಗೇ ನೆನಪಿಲ್ಲ. ಪಾರವ್ವ ಮತ್ತು ಕೀರ್ತನಾ ದಿನಕ್ಕೆ ಎಂಬತ್ತು ತೊಂಬತ್ತು ಮನೆಯಂತೆ ನಾಲ್ಕು ದಿನ ತಿರುಗಿದರು. ಪ್ರತಿ ಹೊಸ್ತಿಲಲ್ಲೂ ಪಾರವ್ವ ಎರಡೇ ಮಾತು ಹೇಳುತ್ತಿದ್ದಳು: ನಡೆದದ್ದು ಇದು, ಕೊಟ್ಟ ಮಾತು ಇದು. ಕೆಲವರು ಬೈದರು, ಕೆಲವರು ಅತ್ತರು, ಒಬ್ಬಳು ಬಂಗಾರದ ಡಬ್ಬವನ್ನು ವಾಪಸು ಬುಟ್ಟಿಗೆ ಹಾಕಿ ಅದರ ಮೇಲೆ ರೊಟ್ಟಿ ಇಟ್ಟಳು. ಬುಟ್ಟಿ ತುಂಬಿದಾಗಲೆಲ್ಲ ದ್ಯಾಮಪ್ಪ ತನ್ನ ಹಳೆಯ ಮೊಪೆಡ್ಡಿನಲ್ಲಿ ಮನೆಗೆ ಸಾಗಿಸುತ್ತಿದ್ದ. ಬುಟ್ಟಿ ಹಾದುಹೋದ ಓಣಿಯಲ್ಲಿ ಪಟಪಟ ಸದ್ದು ಶುರುವಾಗುತ್ತಿತ್ತು. ಹನ್ನೆರಡಕ್ಕೆ ಬದಲು ಒಂಬತ್ತೇ ಯಂತ್ರ ಸಿಕ್ಕಿದವು, ಅಷ್ಟರಲ್ಲೇ ಹೊಂದಿಸಿಕೊಂಡರು. ನಾದುವ ಹೊತ್ತು ಉಳಿದದ್ದರಿಂದ ನೂರು ಬಡಿಯುತ್ತಿದ್ದವಳು ನೂರ ನಲವತ್ತು ಬಡಿದಳು.

ಇಪ್ಪತ್ತೊಂದನೆಯ ದಿನ ಕಂಪನಿಯ ಮನುಷ್ಯ ಬಂದು, ತನ್ನದೇ ಅಳತೆಪಟ್ಟಿ ತೆಗೆದು, ಅಲ್ಲೊಂದು ಇಲ್ಲೊಂದು ಪೊಟ್ಟಣ ಬಿಚ್ಚಿಸಿ ನೋಡಿದ. ಅರ್ಧ ತಾಸು ನೋಡಿ ಪಟ್ಟಿಯನ್ನು ಜೇಬಿಗೆ ಹಾಕಿಕೊಂಡ. ಆಮೇಲೆ ಚೀಟಿಯೊಂದನ್ನು ಎತ್ತಿ, ಈ ಹನಮವ್ವ ಯಾರು ಎಂದು ಕೇಳಿದ. ನನ್ನನ್ನು ಸಾಕಿದವಳು ಎಂದು ಬಾಳೇಶ ಹೇಳಿದ. ಮೂರು ಲಕ್ಷ ಪೂರಾ ಲಾರಿ ಹತ್ತಿತು. ಮುಂದಿನ ವ್ಯವಹಾರ ದಿನಕ್ಕೆ ಲಕ್ಷವಲ್ಲ, ನಲವತ್ತು ಸಾವಿರ, ಅದೂ ಚೀಟಿಯ ಸಮೇತ ಎಂದು ಬಾಳೇಶನೇ ಮಾತಾಡಿ ಒಪ್ಪಿಸಿದ. ಮೇಜಿನ ಮೇಲಿದ್ದ ಕೆಂಗೇರಿಯ ಕಾಗದಗಳನ್ನು ಪಾರವ್ವ ಹರಿಯಲಿಲ್ಲ. ಹಿಂಬದಿ ಖಾಲಿಯಿತ್ತು, ಇನ್ನೂ ಯಾವ ಮೂರು ಓಣಿಗೆ ಯಂತ್ರ ಬೇಕೆಂದು ಅದರ ಮೇಲೆ ಬರೆದುಕೊಂಡಳು.

ಲಾರಿ ಹೋದ ಮೇಲೆ ಲಿಂಗಮ್ಮನ ಮನೆಯೊಂದು ಉಳಿದಿತ್ತು. ಪಾರವ್ವ ಹೊರಟಾಗ ಬಾಳೇಶ ಬುಟ್ಟಿ ಎತ್ತಿಕೊಂಡು ಹಿಂದೆ ಬಂದ. ಮುದುಕಿ ಕಪಾಟಿನಿಂದ ಬಟ್ಟೆಯ ಗಂಟು ತೆಗೆದು ಬಿಚ್ಚಿದಳು. ಹನ್ನೊಂದು ದಿನದ ರಾಗಿ ರೊಟ್ಟಿ ಹೆಂಚಿನ ತುಂಡಿನ ಹಾಗೆ ಗಟ್ಟಿಯಾಗಿತ್ತು. ಪಾರವ್ವ ಸೆರಗು ಒಡ್ಡಿದಳು. ಲಿಂಗಮ್ಮ ಅವಳನ್ನು ದಾಟಿ, ಅಂಗಳದಲ್ಲಿ ನಿಂತಿದ್ದ ಬಾಳೇಶನ ಮುಖ ನೋಡಿದಳು.

"ನೀನೂ ಡ್ರಾಪ್ ಅಷ್ಟೇನಪ್ಪಾ?" ಎಂದಳು.

ಬಾಳೇಶ ಶೂ ಬಿಚ್ಚಿ ಒಳಗೆ ಬಂದು ಎರಡೂ ಕೈ ಚಾಚಿದ. "ಇಲ್ಲಜ್ಜಿ. ತಗೊಂಡು ಹೋಗಾಕ ಬಂದೀನಿ" ಎಂದ.

ಮರುದಿನ ಬೆಳಿಗ್ಗೆ ಪಾರವ್ವ ಎಂದಿನಂತೆ ಎಂಟು ರೊಟ್ಟಿ ಬಡಿದಳು. ಮಂದಿಯ ಮನೆಯ ರೊಟ್ಟಿಯೇ ಬೇಕಾದಷ್ಟಿರುವಾಗ ಇದೇಕೆ ಎಂದು ದ್ಯಾಮಪ್ಪ ಕೇಳಿದ, ಅವಳು ಕೇಳಿಸಿಕೊಳ್ಳಲಿಲ್ಲ. ಒಂದನ್ನು ತಟ್ಟೆಯಲ್ಲಿಟ್ಟು ಮುಚ್ಚಿ, ಕಾರ್ಖಾನೆಗೆ ಹೋಗಿ ಮಧ್ಯಾಹ್ನ ಹಸಿದುಕೊಂಡು ಬಂದಳು. ಹಿತ್ತಲಿಗೆ ಹೋಗಿ ಮುಚ್ಚಳ ತೆಗೆದರೆ ತಟ್ಟೆ ಖಾಲಿ. ಅವಳು ಆ ಖಾಲಿ ತಟ್ಟೆಯನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಸೆರಗು ಸಿಕ್ಕಿಸಿ, ಒಲೆಗೆ ಎರಡು ಕಟ್ಟಿಗೆ ಇಟ್ಟು, ತನಗೊಂದು ಬಡಿದುಕೊಳ್ಳಲು ಕೂತಳು.